ಅಮೆರಿಕ ‘ಪ್ರಜಾಪ್ರಭುತ್ವ’ ಅಂದಾಗ ಸುದ್ದಿ ಓದುವುದು ಹೇಗೆ

ಪಿಯು ಕಾಲೇಜಿನಲ್ಲಿ 29 ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಎದ್ದು ಕೇಳುತ್ತಿದ್ದರು: ‘ಮೇಡಂ, ಅಮೆರಿಕ ನಿಜವಾಗಿ ಪ್ರಜಾಪ್ರಭುತ್ವಕ್ಕೆ ಸಹಾಯ ಮಾಡುತ್ತಾ, ಇಲ್ಲ ಬರೀ ಬಾಯಿಮಾತಾ?’ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟರೆ ಮಕ್ಕಳಿಗೆ ಮೋಸ. ಅದಕ್ಕೇ ಲೆಕ್ಕ ಬರೆಸುತ್ತಿದ್ದೆ. ನೀವೂ ಬರೆಯಬಹುದು.

ಒಂದು ಲಾಂಗ್ ನೋಟ್‌ಬುಕ್ ತಗೊಳ್ಳಿ. ಒಂದು ದೇಶಕ್ಕೆ ಎದುರುಬದುರಿನ ಎರಡು ಪುಟ. ಎಡಗಡೆ ‘ನುಡಿ’, ಬಲಗಡೆ ‘ನಡೆ’ ಅಂತ ಬರೆಯಿರಿ. ಭಾಷಣ, ಹೇಳಿಕೆ ಎಲ್ಲ ಎಡಕ್ಕೆ. ದುಡ್ಡು, ಆಯುಧ, ಸೈನ್ಯ, ಸಹಿ ಬಿದ್ದ ಆದೇಶ ಬಲಕ್ಕೆ. ತಾರೀಖು ಇಲ್ಲದ ಯಾವುದನ್ನೂ ಬರೆಯಬೇಡಿ.

ಎಡಗಡೆ ಪುಟ ಬೇಗ ತುಂಬುತ್ತೆ. 1982ರ ಜೂನ್ 8ರಂದು ಅಮೆರಿಕದ ಅಧ್ಯಕ್ಷ ರೇಗನ್ ಬ್ರಿಟಿಷ್ ಸಂಸತ್ತಿನಲ್ಲಿ ಮಾತಾಡಿ, ಪತ್ರಿಕೆ, ಕಾರ್ಮಿಕ ಸಂಘ, ಪಕ್ಷಗಳನ್ನು ಬೆಳೆಸಲು ಲೋಕಕ್ಕೆಲ್ಲ ನೆರವಾಗಬೇಕು ಅಂದರು. ಇದು ನುಡಿ. ಮರುವರ್ಷ ಅದಕ್ಕೆ ಅಂತಲೇ ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ ಅನ್ನುವ ಸಂಸ್ಥೆ ಹುಟ್ಟಿತು. ಅದು ಹಂಚಿದ ದುಡ್ಡು ನಡೆ.

ಬಲಗಡೆಗೆ ಮೊದಲು ಕೇಳಬೇಕಾದ್ದು ಇಷ್ಟು: ಚುನಾವಣೆಯಲ್ಲಿ ಗೆದ್ದವರು ಯಾರು? ಅವರಿಗೆ ಅಧಿಕಾರ ಸಿಕ್ಕಿತಾ? ಸಿಗದಿದ್ದಾಗ ದೊಡ್ಡ ದೇಶ ಏನು ಮಾಡಿತು?

ನಾನು ಮಕ್ಕಳಿಗೆ ಮೊದಲು ಬರೆಸುತ್ತಿದ್ದದ್ದು 1971. 1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) 162 ಸೀಟಿನಲ್ಲಿ 160 ಮುಜೀಬರ ಅವಾಮಿ ಲೀಗ್‌ಗೆ ಬಂದವು. ಒಟ್ಟು 300ರಲ್ಲಿ ಸ್ಪಷ್ಟ ಬಹುಮತ. ಅಧಿಕಾರ ಮಾತ್ರ ಸಿಗಲಿಲ್ಲ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೇನೆ ತನ್ನ ಜನರ ಮೇಲೆಯೇ ಗುಂಡು ಹಾರಿಸಿತು. ಆದರೂ ಅಮೆರಿಕದ ಅಧ್ಯಕ್ಷ ನಿಕ್ಸನ್ ಮತ್ತು ಅವರ ಸಲಹೆಗಾರ ಕಿಸಿಂಜರ್, ಪಾಕಿಸ್ತಾನವನ್ನು ಆಳುತ್ತಿದ್ದ ಸೇನಾಧಿಕಾರಿ ಯಾಹ್ಯಾ ಖಾನ್ ಕೈ ಬಿಡಲಿಲ್ಲ. ಚೀನಾದ ಜೊತೆ ಗುಟ್ಟಾಗಿ ಮಾತಾಡಲು ಅವರಿಗೆ ಯಾಹ್ಯಾ ಬೇಕಿತ್ತು. ಡಿಸೆಂಬರಿನಲ್ಲಿ ತಮ್ಮ ಏಳನೇ ನೌಕಾಪಡೆಯ ಎಂಟರ್‌ಪ್ರೈಸ್ ಯುದ್ಧಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿದರು. ನನಗಾಗ 8 ವರ್ಷ. ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪ ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದರು. ಅಮ್ಮ ಊಟಕ್ಕೆ ಮೂರು ಸಲ ಕರೆದರೂ ಏಳಲಿಲ್ಲ. ‘ಏಳನೇ ನೌಕಾಪಡೆ ಬರ್ತಿದೆಯಂತೆ ಕಣೇ’ ಅಂದರು. ಆ ದನಿ ಇನ್ನೂ ಕಿವಿಯಲ್ಲಿದೆ.

ಇಷ್ಟಕ್ಕೇ ‘ಎಲ್ಲ ನಾಟಕ’ ಅಂತ ಪುಸ್ತಕ ಮುಚ್ಚಬೇಡಿ. ಚಿಲಿಯ ಪುಟ ನೋಡಿ. 1970ರಲ್ಲಿ ಅಲೆಂದೆ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೆ ಬಂದಾಗ, ಅವರು ಅಧಿಕಾರಕ್ಕೆ ಏರದಂತೆ ತಡೆಯಲು ನಿಕ್ಸನ್ ತಮ್ಮ ಗುಪ್ತಚರ ಸಂಸ್ಥೆ ಸಿಐಎಗೆ ಹೇಳಿದರು. ಆಗಲಿಲ್ಲ. 1973ರ ಸೆಪ್ಟೆಂಬರ್ 11ರಂದು ಸೇನಾ ಮುಖ್ಯಸ್ಥ ಪಿನೊಚೆ ಸೇನೆಯ ಬಲದಿಂದ ಕುರ್ಚಿ ಹಿಡಿದ. ಆಮೇಲೆ 15 ವರ್ಷ ಬಿಟ್ಟು ಬನ್ನಿ. 1988ರ ಅಕ್ಟೋಬರ್ 5ರಂದು ‘ಪಿನೊಚೆ ಮುಂದುವರಿಯಬೇಕಾ?’ ಅಂತ ಜನಮತ. ಅದಕ್ಕೆ ಮುಂಚೆ ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸಕ್ಕೆ, ‘ಬೇಡ’ ಅನ್ನುವವರ ನೆರವಿಗೆ ಅಮೆರಿಕದ ದುಡ್ಡೇ ಬಂತು. ಹತ್ತಿರಹತ್ತಿರ ಶೇ 56 ಜನ ‘ಬೇಡ’ ಅಂದರು. ಒಂದೇ ದೇಶ, ಎರಡು ನಡೆ. ಎರಡನ್ನೂ ಬರೆಯಿರಿ. ಗೆದ್ದವರು ಚಿಲಿಯ ಜನ, ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಪದಗಳ ಮೇಲೂ ಕಣ್ಣಿಡಿ. ಈಜಿಪ್ಟಿನಲ್ಲಿ 2013ರ ಜುಲೈ 3ರಂದು, ಚುನಾವಣೆಯಲ್ಲಿ ಗೆದ್ದಿದ್ದ ಅಧ್ಯಕ್ಷ ಮೊರ್ಸಿಯನ್ನು ಸೇನೆ ಕೆಳಗಿಳಿಸಿತು. ನಮ್ಮ ಪೇಪರುಗಳು ಅದನ್ನು ಕ್ಷಿಪ್ರಕ್ರಾಂತಿ ಅಂದವು. ಅಮೆರಿಕ ಸರ್ಕಾರ ಆ ಪದ ಆಡಲಿಲ್ಲ. ಆಡಿದ್ದರೆ ಅವರದೇ ಕಾನೂನಿನ ಪ್ರಕಾರ ನೆರವು ನಿಲ್ಲಿಸಬೇಕಿತ್ತು. ಮಿಲಿಟರಿ ನೆರವೇ ವರ್ಷಕ್ಕೆ 130 ಕೋಟಿ ಡಾಲರ್. ಸ್ವಲ್ಪ ಭಾಗ ಕೆಲವು ಕಾಲ ತಡೆದರು, 2015ರಲ್ಲಿ ಮತ್ತೆ ಬಿಟ್ಟರು.

ಇರಾಕ್ ಬರೆಯುವಾಗ ಫೋಟೋ ನೋಡಿ ಮರುಳಾಗಬೇಡಿ. 2005ರ ಜನವರಿ 30ರ ಚುನಾವಣೆಯ ಫೋಟೋದಲ್ಲಿ ಹೆಂಗಸರು ನೇರಳೆ ಶಾಯಿಯಲ್ಲಿ ಅದ್ದಿದ ಬೆರಳು ಎತ್ತಿ ನಿಂತಿದ್ದಾರೆ. ನಮ್ಮೂರಿನ ಮೈಸೂರು ಪೇಂಟ್ಸ್ ಶಾಯಿ ಉಗುರಿನ ಮೇಲೆ ಒಂದು ಗೆರೆ ಎಳೆಯುತ್ತೆ, ಅಲ್ವಾ? ಅಲ್ಲಿ ಬೆರಳ ತುದಿಯೇ ಮುಳುಗಿತ್ತು. ಬಾಂಬಿನ ಭಯದಲ್ಲೂ ನಡೆದು ಹೋಗಿ ವೋಟು ಹಾಕಿದ ಆ ಜನರನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತೆ. ಅದನ್ನು ಬರೆಯಿರಿ. ಅದರ ಮೇಲಿನ ಸಾಲಿನಲ್ಲಿ 2003ರ ಮೇ 23 ಅಂತಲೂ ಬರೆಯಿರಿ. ಅವತ್ತು, ಇರಾಕನ್ನು ವಶಮಾಡಿಕೊಂಡಿದ್ದ ಅಮೆರಿಕದ ಆಡಳಿತಾಧಿಕಾರಿ ಬ್ರೆಮರ್ ಇಡೀ ಇರಾಕಿ ಸೇನೆಯನ್ನು ವಿಸರ್ಜಿಸಿದರು. ಲಕ್ಷಾಂತರ ಗಂಡಸರು ಒಂದೇ ದಿನ ಕೆಲಸ ಕಳೆದುಕೊಂಡರು. ಕೈಯಲ್ಲಿ ಬಂದೂಕು ಮಾತ್ರ ಇತ್ತು.

ಬಲಗಡೆ ಪುಟಕ್ಕೆ ಸರಕು ಎಲ್ಲಿ ಸಿಗುತ್ತೆ ಅಂತ ಕೇಳುತ್ತೀರಿ. ಜಾಸ್ತಿ ಸಿಗುವುದು ಅಮೆರಿಕದಲ್ಲೇ. ಅವರ ವಿದೇಶಾಂಗ ಇಲಾಖೆ ತನ್ನ ಹಳೇ ಕಡತಗಳನ್ನು ತಾನೇ ಪ್ರಕಟಿಸುತ್ತೆ. ಬೇಗ ಅಲ್ಲ, ಮೂವತ್ತು ವರ್ಷ ಆಗಬಹುದು. ಅದಕ್ಕೇ ಪ್ರತಿ ದೇಶಕ್ಕೂ ಅರ್ಧ ಪುಟ ಖಾಲಿ ಬಿಡಿ. 1971ರ ಏಪ್ರಿಲ್ 6ರಂದು ಢಾಕಾದಿಂದ ಹೋದ ತಂತಿ ನನಗೆ ಸಿಕ್ಕಿದ್ದು ಹಾಗೆ. ಪ್ರಜಾಪ್ರಭುತ್ವವನ್ನು ತುಳಿಯುತ್ತಿದ್ದರೂ ನಮ್ಮ ಸರ್ಕಾರ ಖಂಡಿಸಿಲ್ಲ ಅಂತ ಅಮೆರಿಕದ ಅಧಿಕಾರಿಗಳೇ ಬರೆದಿದ್ದರು. ಅದನ್ನು ಕಳಿಸಿದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಿದರು. ತಂತಿಗೆ ಸಹಿ ಹಾಕಿದವರು 20 ಜನ. ಆ ಹೆಸರುಗಳನ್ನು ಒಂದೊಂದಾಗಿ ಬಲಗಡೆ ಪುಟದಲ್ಲಿ ಬರೆಸುತ್ತಿದ್ದೆ.