ಪುಟ್ಟ ಸ್ಟಾರ್ಮ್‌ಟ್ರೂಪರ್ ಹೆಲ್ಮೆಟ್: ಹರಡುತ್ತಿದ್ದ ಗೆರೆಗಳು ನಿಂತದ್ದು ಹೀಗೆ

‘ಸ್ಟಾರ್ ವಾರ್ಸ್’ ಚಿತ್ರಗಳ ಸೈನಿಕ ಸ್ಟಾರ್ಮ್‌ಟ್ರೂಪರ್‌ನ ಅಂಗೈಯಗಲದ ಬಿಳಿ ಹೆಲ್ಮೆಟ್ ಮಾದರಿಗೆ ಬಣ್ಣ ಹಚ್ಚುವಾಗ ಕಷ್ಟ ಕೊಟ್ಟದ್ದು ಎರಡು ಜಾಗ: ಕೆನ್ನೆಯ ಕೊಳವೆಗಳ ನೀಲಿ ಪಟ್ಟೆ, ಬೂದು ಗುರುತುಗಳ ಸುತ್ತಲಿನ ಕಪ್ಪು ಅಂಚು. ಎರಡೂ ಕಡೆ ಬಣ್ಣ ಬೇರು ಬಿಟ್ಟಂತೆ ಪಕ್ಕಕ್ಕೆ ಹರಡುತ್ತಿತ್ತು.

ತಪ್ಪು ಕುಂಚದ್ದಲ್ಲ, ಕೆಳಗಿನ ಮ್ಯಾಟ್ (ಹೊಳಪಿಲ್ಲದ) ಬಿಳಿಯದು. ಅದರ ಮೇಲ್ಮೈ ತರಿತರಿ. ತೆಳು ಬಣ್ಣವನ್ನು ಬತ್ತಿಯಂತೆ ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಹೊಳಪಿನ ಅಕ್ರಿಲಿಕ್ ವಾರ್ನಿಷ್ ಎರಡು ತೆಳು ಪದರ, ಪೂರ್ತಿ ಒಂದು ದಿನ ಒಣಗಲು ಬಿಡಿ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಹಾಳು.

ಕಪ್ಪು ಅಂಚಿಗೆ ಅಕ್ರಿಲಿಕ್ ಬೇಡ, ಎಣ್ಣೆ ಆಧಾರಿತ ಎನಾಮೆಲ್ ಬಣ್ಣ ಬಳಸಿ. ವೈಟ್ ಸ್ಪಿರಿಟ್ ಬೆರೆಸಿ ಹಾಲಿನಷ್ಟು ತೆಳುವಾಗಿಸಿ, ಕೊರೆದ ಗೆರೆಗೆ ಕುಂಚದ ತುದಿ ಮುಟ್ಟಿಸಿದರೆ ತಾನೇ ಹರಿಯುತ್ತದೆ. ಹೆಚ್ಚಾದದ್ದನ್ನು ಅರ್ಧ ಗಂಟೆಯ ನಂತರ ಅದೇ ಸ್ಪಿರಿಟ್‌ನಲ್ಲಿ ತುಸುವೇ ಒದ್ದೆ ಮಾಡಿದ ಹತ್ತಿಕಡ್ಡಿಯಿಂದ ಒರೆಸಿ. ಚೆನ್ನಾಗಿ ಒಣಗಿದ ವಾರ್ನಿಷ್ ಅಲುಗುವುದಿಲ್ಲ. ಲ್ಯಾಕರ್ ಥಿನ್ನರ್ ಮಾತ್ರ ಹತ್ತಿರ ತರಬೇಡಿ, ಕೆಳಗಿನ ಬಿಳಿಯನ್ನೂ ಕರಗಿಸುತ್ತದೆ.

ನೀಲಿ ಪಟ್ಟೆಗೆ 1 ಮಿ.ಮೀ. ಮಾಸ್ಕಿಂಗ್ ಟೇಪ್. ಅಂಚನ್ನು ಹಲ್ಲುಕಡ್ಡಿಯಿಂದ ಒತ್ತಿ, ಮೊದಲು ವಾರ್ನಿಷನ್ನೇ ಸವರಿ. ಸಂದಿಗೆ ನುಗ್ಗುವುದು ಬಣ್ಣರಹಿತ ವಾರ್ನಿಷ್ ಆದ್ದರಿಂದ ನೀಲಿಗೆ ದಾರಿಯೇ ಉಳಿಯುವುದಿಲ್ಲ. ಬಣ್ಣ ಪೂರ್ತಿ ಗಟ್ಟಿಯಾಗುವ ಮುನ್ನ ಟೇಪನ್ನು ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ.

ಕುಂಚದ ಅಳತೆ ತೀರಾ ಸಣ್ಣ 000 ಅಲ್ಲ, ಮೊನೆ ಚೂಪಾಗಿರುವ 0. ಮೂರು ಸೊನ್ನೆಯದರಲ್ಲಿ ಬಣ್ಣ ನಿಲ್ಲುವುದೇ ಇಷ್ಟು. ಗೆರೆ ಮುಗಿಯುವ ಮೊದಲೇ ತುದಿ ಒಣಗುತ್ತದೆ.