ಪಂಚಾಂಗ ಎಷ್ಟು ಎತ್ತರ ಹಾಕಲಿ? ಬೆಂಗಳೂರಲ್ಲಿ ಕೂತು ಕಡಲು ಅಳೆದ ಕತೆ

ನನ್ನ ಕೆಲಸ ನಕ್ಷೆ ಮಾಡುವುದು. ಜಯನಗರದ ಬಾಡಿಗೆ ಮನೆ, ಎದುರಿಗೆ ಎರಡು ಮಾನಿಟರು, ಸಮುದ್ರದಿಂದ ಒಂಬತ್ತು ನೂರು ಮೀಟರ್ ಮೇಲೆ. ಕುಮಟಾ ಕಡೆಯ ಸೋದರಮಾವ ಫೋನ್ ಮಾಡಿ, "ತಮ್ಮಾ, ಹಳೇ ಮನೆ ಕೆಡವಿ ಹೊಸತು ಕಟ್ಟುವ ಅಂತ ಇದ್ದೇನೆ. ಸಮುದ್ರ ಏರ್ತದೆ ಅಂತಾರಲ್ಲ, ಪಂಚಾಂಗ ಎಷ್ಟು ಎತ್ತರ ಹಾಕಲಿ?" ಎಂದು ಕೇಳಿದರು. ಪಂಚಾಂಗ ಅಂದರೆ ನೆಲದಿಂದ ಮೇಲೆದ್ದ ಅಡಿಪಾಯದ ಕಟ್ಟೆ. ಅಘನಾಶಿನಿ ಅಳಿವೆಯ ದಂಡೆಯ ಮನೆ ಅದು. ಹಿತ್ತಿಲು ದಾಟಿದರೆ ಗಜನಿ, ಅಂದರೆ ಉಪ್ಪುನೀರು ಹತ್ತುವ ತಗ್ಗು ಗದ್ದೆ, ಆಚೆಗೆ ಉಪ್ಪುನೀರು. ಸಂಜೆಯೊಳಗೆ ಹೇಳ್ತೇನೆ ಮಾವ, ಅಂದೆ. ಹೇಳುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪುಕ್ಕಟೆ ಸಿಗುವ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಇಳಿಸಿಕೊಂಡು, ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಒಂದು ಮೀಟರಿಗಿಂತ ತಗ್ಗಿರುವ ಜಾಗಕ್ಕೆಲ್ಲ ನೀಲಿ ಬಳಿದೆ. ಮಾವನ ಮನೆ ಏಳು ಮೀಟರ್ ಎತ್ತರದಲ್ಲಿ ಆರಾಮಾಗಿ ಒಣಗಿತ್ತು. ಆ ಅಂಗಳದಲ್ಲಿ ಬೆಳೆದವನು ನಾನು. ಅದು ಏಳು ಮೀಟರ್ ಅಲ್ಲ ಎಂದು ಹೇಳಲು ಉಪಗ್ರಹ ಬೇಕಿರಲಿಲ್ಲ.

ಆಗಿದ್ದು ಇಷ್ಟು. 2000ದ ಫೆಬ್ರವರಿಯಲ್ಲಿ ಗಗನನೌಕೆಯಿಂದ ರೇಡಾರ್ ಹಾಯಿಸಿ ತೆಗೆದ ಎತ್ತರ ಅದು. ತೋಟದ ಮೇಲೆ ಹಾಯ್ದ ರೇಡಾರಿಗೆ ಸಿಕ್ಕಿದ್ದು ಹೆಚ್ಚಾಗಿ ತೆಂಗಿನ ಹೆಡೆ, ನೆಲ ಅಲ್ಲ. ಅದರ ಒಂದು ಚೌಕ ಮೂವತ್ತು ಮೀಟರ್ ಅಗಲ. ಮನೆ, ಕೊಟ್ಟಿಗೆ, ಬಾವಿ, ಗದ್ದೆಯ ಅಂಚು ಎಲ್ಲಕ್ಕೂ ಸೇರಿ ಒಂದೇ ಸಂಖ್ಯೆ, ಅದೂ ಪೂರ್ಣ ಮೀಟರಿನಲ್ಲಿ. ಜಗತ್ತಿನ ಸಮುದ್ರಮಟ್ಟ 2006ರಿಂದ 2018ರವರೆಗೆ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ. ಅದನ್ನು ಇಂಥ ಮಾಪಕದಲ್ಲಿ ಹುಡುಕುವುದೆಂದರೆ ಅಕ್ಕಿ ಲಾರಿಯ ತಕ್ಕಡಿಯಲ್ಲಿ ಬಂಗಾರ ತೂಗಿದ ಹಾಗೆ. "ಇಂಥ ಇಸವಿಗೆ ಇಂಥ ಊರು ಮುಳುಗುತ್ತದೆ" ಎಂದು ವಾಟ್ಸಾಪಿನಲ್ಲಿ ತಿರುಗುವ ಕೆಂಪು ನಕ್ಷೆ ನೋಡಿದಾಗೆಲ್ಲ, ಇದರಲ್ಲಿ ನೆಲ ಎಷ್ಟು, ಮರ ಎಷ್ಟು ಎಂದು ಕೇಳಬೇಕೆನಿಸುತ್ತದೆ.

ಡಿಸೆಂಬರಿನಲ್ಲಿ ರಾತ್ರಿ ಬಸ್ಸು ಹಿಡಿದು ಹೋದೆ. ಅಂಗಳದಲ್ಲಿ ನಿಂತು ಮೊಬೈಲಿನ ಜಿಪಿಎಸ್ ಆ್ಯಪ್ ತೆರೆದರೆ ಎತ್ತರ ಮೈನಸ್ ಎಂಬತ್ತೇಳು ಮೀಟರ್! ಮಾವ ಇಣುಕಿ ನೋಡಿ, "ಹಂಗಾರೆ ಮುಳುಗಿ ಆಗಿದೆ ಬಿಡು ಮಾರಾಯ" ಎಂದು ಚಾ ಕುಡಿಯಲು ಒಳಗೆ ಹೋದರು. ಆ್ಯಪ್ ಕೆಟ್ಟಿರಲಿಲ್ಲ. ಜಿಪಿಎಸ್ ಅಳೆಯುವುದು ಲೆಕ್ಕದ ಒಂದು ನಯವಾದ ಗೋಳದಿಂದ. ಹಿಂದೂ ಮಹಾಸಾಗರದ ಈ ಭಾಗದಲ್ಲಿ ಗುರುತ್ವ ಕಡಿಮೆ, ಹಾಗಾಗಿ ನಿಜವಾದ ಸಮುದ್ರಮಟ್ಟ ಆ ಗೋಳಕ್ಕಿಂತ ತುಂಬಾ ಕೆಳಗಿದೆ. ಬೆಂಗಳೂರಿನ ಕೆಲಸಗಳಲ್ಲಿ ಈ ವ್ಯತ್ಯಾಸವನ್ನು ತಂತ್ರಾಂಶವೇ ಸರಿಪಡಿಸಿಬಿಡುತ್ತಿತ್ತು, ನಾನು ತಲೆಕೆಡಿಸಿಕೊಂಡಿರಲಿಲ್ಲ.

ಕೊನೆಗೆ ದಾರಿ ತೋರಿದ್ದು ಮನೆ ಕಟ್ಟಲು ಒಪ್ಪಿಕೊಂಡಿದ್ದ ಮೇಸ್ತ್ರಿ. ಗಾರೆಯವರು ಗೋಡೆಯ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಇಟ್ಟುಕೊಂಡಿರುತ್ತಾರಲ್ಲ, ಅದೇ. ಅಮಾವಾಸ್ಯೆಯ ಮಾರನೇ ರಾತ್ರಿ ಟಾರ್ಚು ಹಿಡಿದು ದಂಡೆಯಲ್ಲಿ ಕೂತೆವು. ದೊಡ್ಡ ಭರತ, ಅಂದರೆ ಸಮುದ್ರದ ಉಬ್ಬರ, ಅಮಾವಾಸ್ಯೆಯ ದಿನವೇ ಬರುವುದಿಲ್ಲ, ಒಂದೆರಡು ದಿನ ತಡ. ಕಾರವಾರದ ಭರತ-ಇಳಿತದ ಪಟ್ಟಿ ಹೇಳಿದ ಹೊತ್ತಿಗಿಂತಲೂ ಅಳಿವೆಯೊಳಗೆ ನೀರು ತಡವಾಗಿ ತುಂಬಿತು. ಏರಿ ನಿಂತ ಜಾಗಕ್ಕೆ ಗೂಟ ಹೊಡೆದು, ಬೆಳಗಾದ ಮೇಲೆ ಪೈಪು ಹಿಡಿದು ಹನ್ನೊಂದು ಹೆಜ್ಜೆಯಲ್ಲಿ ಮಟ್ಟವನ್ನು ಅಂಗಳದವರೆಗೆ ತಂದೆವು. ತಿರುಗಿ ಗೂಟದವರೆಗೆ ಅಳೆದಾಗ ಮೂರು ಸೆಂಟಿಮೀಟರ್ ತಪ್ಪು. ಪರವಾಗಿಲ್ಲ. ಅಂಗಳ ಆ ರಾತ್ರಿಯ ನೀರಿಗಿಂತ 64 ಸೆಂಟಿಮೀಟರ್ ಮೇಲಿತ್ತು.

ಇಲ್ಲೊಂದು ಗುಂಡಿಗೆ ಬೀಳುವವನಿದ್ದೆ. ಭರತ-ಇಳಿತದ ಪಟ್ಟಿಯಲ್ಲಿರುವ ಎತ್ತರ ಹಡಗಿನವರ ಅನುಕೂಲಕ್ಕೆ ಹೆಚ್ಚುಕಮ್ಮಿ ಅತಿ ಕೆಳಗಿನ ಇಳಿತದಿಂದ ಅಳೆದದ್ದು, ಸರಾಸರಿ ಸಮುದ್ರಮಟ್ಟದಿಂದಲ್ಲ. ಅದನ್ನು ನಕ್ಷೆಯ ಎತ್ತರಕ್ಕೆ ನೇರ ಕೂಡಿಸಿದರೆ ನಮ್ಮ ಕರಾವಳಿಯಲ್ಲಿ ಸುಮಾರು ಒಂದು ಮೀಟರ್ ತಪ್ಪುತ್ತದೆ. ಪಟ್ಟಿಯಿಂದ ಎರಡು ದಿನಗಳ ನಡುವಿನ ವ್ಯತ್ಯಾಸ ಮಾತ್ರ ತೆಗೆದುಕೊಂಡರೆ ಸೊನ್ನೆ ಎಲ್ಲಿದ್ದರೂ ಲೆಕ್ಕ ಕೆಡುವುದಿಲ್ಲ. ವರ್ಷದ ಅತಿ ದೊಡ್ಡ ಭರತ ನಾವು ಗೂಟ ಹೊಡೆದ ರಾತ್ರಿಗಿಂತ ಹತ್ತು ಸೆಂಟಿಮೀಟರ್ ಹೆಚ್ಚು. ಉಳಿದದ್ದು 54.

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೇ ವರದಿಯ ಪ್ರಕಾರ, 1995–2014ರ ಮಟ್ಟಕ್ಕೆ ಹೋಲಿಸಿದರೆ 2100ರ ಹೊತ್ತಿಗೆ ಏರಿಕೆ ಹೊಗೆ ತೀರಾ ಕಡಿಮೆಯಾದರೆ 28ರಿಂದ 55 ಸೆಂಟಿಮೀಟರ್, ತೀರಾ ಹೆಚ್ಚಾದರೆ 63ರಿಂದ 101. ಆ ಎರಡನೆಯದು ನಿಜವಾದರೆ ಮಳೆ ಗಾಳಿ ಏನೂ ಇಲ್ಲದೆ, ಬರೀ ಅಮಾವಾಸ್ಯೆಗೇ ಅಂಗಳಕ್ಕೆ ನೀರು. ಆದರೆ ಮನೆಯ ಮಟ್ಟಿಗೆ ಅದಕ್ಕೂ ಮೊದಲಿನ ಭಯ ನದಿಯದ್ದು. ಭರತದ ಹೊತ್ತಿಗೇ ಘಟ್ಟದ ಮೇಲಿನ ಮಳೆನೀರು ಇಳಿದು ಬಂದರೆ ಹೋಗಲು ದಾರಿಯಿಲ್ಲ. ಕೊಟ್ಟಿಗೆ ಗೋಡೆಯ ಮೇಲೆ ಹಳೆಯ ನೆರೆಯ ಗೆರೆ ಇನ್ನೂ ಇದೆ, ಅಂಗಳದಿಂದ ಒಂದು ಗೇಣು ಮೇಲೆ. ನೆರೆಗೆ ಆ ಗೇಣು, ಸಮುದ್ರಕ್ಕೆ ಮೂವತ್ತು ಸೆಂಟಿಮೀಟರ್, ನನ್ನ ತಪ್ಪಿಗೆ ಇನ್ನೊಂದು ಮೂವತ್ತು. ಮೂರು ಅಡಿ ಎಂದೆ.

2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರಿನ ಕಡೆ ನೀರು ನಿಂತಾಗ ನಾನೂ ರಾಜಕಾಲುವೆಗಳ ನಕ್ಷೆ ಮಾಡಿದವನು. ಅಲ್ಲಿ ನೀರು ಮೇಲಿಂದ ಬರುತ್ತದೆ, ದಾರಿ ಬಿಟ್ಟುಕೊಟ್ಟರೆ ಹೋಗುತ್ತದೆ. ಸಮುದ್ರ ಹಾಗಲ್ಲ, ಅಡಿಯಿಂದಲೂ ಬರುತ್ತದೆ. ಮಾವನ ಬಾವಿ ಏಪ್ರಿಲ್ ಕಳೆದರೆ ಉಪ್ಪು ಉಪ್ಪು. ನೀಲಿ ಬಣ್ಣದ ಯಾವ ನಕ್ಷೆಯೂ ಅದನ್ನು ತೋರಿಸಲಿಲ್ಲ, ಪಂಚಾಂಗ ಏರಿಸಿದರೆ ಅದು ಸರಿಹೋಗುವುದೂ ಇಲ್ಲ. ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದವರು ಮಾವನ ಅಪ್ಪ. ಈಗ ಅಲ್ಲಿ ಸೀಗಡಿ, ಒಡ್ಡು ಎರಡು ಕಡೆ ಕುಸಿದಿದೆ. ನನ್ನ ನಕ್ಷೆಯಲ್ಲಿ ಆ ಒಡ್ಡೇ ಇಲ್ಲ. ಮೂವತ್ತು ಮೀಟರಿನ ಚೌಕದೊಳಗೆ ಮಾಯ.

ಮಾವ ಕೊನೆಗೆ ನಾಲ್ಕು ಅಡಿ ಹಾಕಿಸಿದರು. "ಮೆಟ್ಟಿಲು ಐದು ಬರಬೇಕು ಅಂತ ನಿನ್ನ ಅತ್ತೆ ಹೇಳಿದಳು" ಎನ್ನುವುದೊಂದೇ ಕಾರಣ. ಗೂಟ ಕೊಳೆಯುತ್ತದೆ ಎಂದು ಆ ಮಟ್ಟವನ್ನು ದಂಡೆಯ ತೆಂಗಿನ ಮರಕ್ಕೆ ಕೆತ್ತಿಟ್ಟಿದ್ದಾರೆ. ಈಗ ಪ್ರತಿ ಅಮಾವಾಸ್ಯೆ, ಹುಣ್ಣಿಮೆ ಕಳೆದ ಮೇಲೆ ಜಯನಗರಕ್ಕೆ ಫೋನ್ ಬರುತ್ತದೆ: "ಗೆರೆಗಿಂತ ಎರಡು ಬೆರಳು ಕಮ್ಮಿ, ಬರ್ಕೋ." ಮಾವನ ಬೆರಳಿನ ಅಗಲ ಅಳೆದುಕೊಂಡು ಬಂದಿದ್ದೇನೆ, 1.9 ಸೆಂಟಿಮೀಟರ್.