ಮೂಲ ಹಾಡನ್ನೂ ಕವರ್ ಹಾಡನ್ನೂ ಅಕ್ಕಪಕ್ಕ ಇಟ್ಟು ಕೇಳುವಾಗ: ನನ್ನ ಅನುಭವ

ಕವರ್, ಅಂದರೆ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿದ್ದು, ಕೇಳಿದ ಕೂಡಲೇ ‘ಮೂಲಕ್ಕಿಂತ ಚೆನ್ನಾಗಿದೆ’ ಅನ್ನಿಸಿದರೆ ನಾನು ಮೊದಲು ಅನುಮಾನಿಸುವುದು ಸದ್ದಿನ ಮಟ್ಟವನ್ನು. ಒಂದು ಡೆಸಿಬೆಲ್ ಹೆಚ್ಚಾದರೆ ಅದು ಜೋರಾಗಿದೆ ಅಂತ ಕಿವಿಗೆ ಎಷ್ಟೋ ಸಲ ತಿಳಿಯುವುದಿಲ್ಲ; ಸ್ಪಷ್ಟವಾಗಿದೆ, ತುಂಬಿಕೊಂಡಿದೆ ಅನ್ನಿಸುತ್ತದೆ, ಅಷ್ಟೇ. ಹಳೆಯ ಧ್ವನಿಮುದ್ರಣಕ್ಕೂ ಈಚಿನ, ಬಿಡುಗಡೆಗೆ ಮುಂಚಿನ ಕೊನೆಯ ಹದಗೊಳಿಸುವಿಕೆಯಾದ ಮಾಸ್ಟರಿಂಗ್‌ಗೂ ಇರುವ ಅಂತರ ಇದರ ಎಷ್ಟೋ ಪಟ್ಟು. ಹಾಗಾಗಿ ಎರಡನ್ನೂ ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು, ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನದಲ್ಲಿ −18 ಎಲ್‌ಯುಎಫ್‌ಎಸ್‌ಗೆ ತರುತ್ತೇನೆ. ಇನ್ನೂ ಮೇಲಕ್ಕೆ ಏರಿಸಿದರೆ ಹಳೆಯದರ ಧ್ವನಿ ಅಲೆಯ ತುದಿಗಳು ಕತ್ತರಿಸಿಹೋಗಿ ಕರಕರ ಎನ್ನುವ ಅಪಾಯವಿದೆ. ಅತಿ ಎತ್ತರದ ತುದಿಯನ್ನಷ್ಟೇ ನೋಡಿ ಮಟ್ಟ ಹೊಂದಿಸುವ ಪೀಕ್ ನಾರ್ಮಲೈಸ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದೇ ಒಂದು ಡೋಲಿನ ಪೆಟ್ಟು ಸಾಕು, ಲೆಕ್ಕ ತಪ್ಪಲು. ಮೂಲ ಮೋನೊ (ಒಂದೇ ಚಾನಲ್‌ನ ಧ್ವನಿ) ಆಗಿದ್ದರೆ ಕವರನ್ನೂ ಮೋನೊ ಮಾಡಿ ಒಮ್ಮೆ ಕೇಳಬೇಕು. ಅಗಲವಾದ ಸ್ಟೀರಿಯೊ ಹಾಡುಗಾರಿಕೆಯ ಗುಣವಲ್ಲ.

ಮುಂದೆ ವೇಗ. ಕೈತಟ್ಟಿ 32 ಬಡಿತ ಎಣಿಸಿ, ಹಿಡಿದ ಸೆಕೆಂಡುಗಳಿಂದ 1920 (32 × 60) ಅನ್ನು ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. 20 ಸೆಕೆಂಡು ಹಿಡಿದರೆ 96. ಇದನ್ನು ಪಲ್ಲವಿಯಲ್ಲಿ ಒಮ್ಮೆ, ಕೊನೆಯ ಚರಣದಲ್ಲಿ ಇನ್ನೊಮ್ಮೆ ಮಾಡುತ್ತೇನೆ. ವೇಗ ಹಿಡಿದಿಡುವ ಕ್ಲಿಕ್ ಸದ್ದು ಇಲ್ಲದೆ ನುಡಿಸಿದ ಹಳೆಯ ಹಾಡು ಕೊನೆಗೆ ತುಸು ಓಡುವುದುಂಟು. ಒಂದು ವಿಷಯದಲ್ಲಿ ಎಚ್ಚರ: ವೇಗವೂ ಶ್ರುತಿಯೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅದು ಗಾಯಕರ ತೀರ್ಮಾನ ಅಲ್ಲದೇ ಇರಬಹುದು. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಪಾಲ್ ಎಂಬ ಹಳೆಯ ಟಿವಿ ಮಾದರಿಯ ವಿಡಿಯೊಗಾಗಿ 25ಕ್ಕೆ ಓಡಿಸಿದಾಗ 96 ಇದ್ದದ್ದು 100 ಆಗುತ್ತದೆ, ಶ್ರುತಿ ಸುಮಾರು 70 ಸೆಂಟ್ ಮೇಲೇರುತ್ತದೆ. ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರವಾದ ಒಂದು ಸೆಮಿಟೋನಿಗೆ 100 ಸೆಂಟ್; ಅಂದರೆ ಇದು ಮುಕ್ಕಾಲು ಸೆಮಿಟೋನಿಗೆ ಸ್ವಲ್ಪ ಕಡಿಮೆ. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡಂಥ ಶ್ರುತಿ ಕಂಡರೆ ಬೇರೆ ಪ್ರತಿ ಹುಡುಕುವುದೇ ಮೇಲು.

ಕವರಿನ ಶ್ರುತಿ ನಾಲ್ಕೈದು ಸೆಮಿಟೋನ್ ಆಚೆಗಿದ್ದರೆ, ಅದರಲ್ಲೂ ಹೆಣ್ಣುದನಿಯ ಹಾಡನ್ನು ಗಂಡುದನಿ ಹಾಡಿದ್ದರೆ, ಸಾಫ್ಟ್‌ವೇರಿನಲ್ಲಿ ಎಳೆದು ಸರಿಮಾಡಲು ಹೋಗಬೇಡಿ. ಎರಡು ಸೆಮಿಟೋನ್ ದಾಟಿದರೆ ದನಿಯ ಬಣ್ಣವೇ ಕೆಡುತ್ತದೆ. ನಾನು ಎರಡನ್ನೂ ಅದರದರ ಷಡ್ಜ (ಆಧಾರಸ್ವರ ‘ಸ’) ಹಿಡಿದು ಸ್ವರದಲ್ಲಿ ಬರೆದುಕೊಳ್ಳುತ್ತೇನೆ. ಒಂದರ ಕೆಳಗೆ ಒಂದು ಬರೆದರೆ ಶ್ರುತಿಯ ಪ್ರಶ್ನೆಯೇ ಬರುವುದಿಲ್ಲ, ಎಲ್ಲಿ ಸ್ವರ ಬದಲಾಗಿದೆ, ಎಲ್ಲಿ ಸಂಗತಿ (ಅದೇ ಸಾಲನ್ನು ಬದಲಿಸಿ ಹಾಡುವ ರೂಪ) ಸೇರಿದೆ ಎನ್ನುವುದಷ್ಟೇ ಉಳಿಯುತ್ತದೆ.

ಇಷ್ಟೆಲ್ಲ ಆದಮೇಲೆ ಉಳಿಯುವುದು ಅಕ್ಷರ ಬೀಳುವ ಜಾಗ. ನನ್ನ ಮಟ್ಟಿಗೆ ಹಾಡಿನ ಭಾವ ಬದಲಾಗುವುದು ಹೆಚ್ಚಾಗಿ ಇಲ್ಲೇ. 96ರ ವೇಗದಲ್ಲಿ ಒಂದು ಬಡಿತ 625 ಮಿಲಿಸೆಕೆಂಡು. ಅದರಲ್ಲಿ 70–80 ಹಿಂದೆ ಬಿದ್ದರೂ ಸಾಲು ನಿಧಾನಿಸಿದಂತೆ, ಯೋಚಿಸಿ ಹೇಳಿದಂತೆ ಕೇಳುತ್ತದೆ. ಅಳೆಯುವಾಗ ವ್ಯಂಜನದಿಂದಲ್ಲ, ಸ್ವರಾಕ್ಷರ ತೆರೆದುಕೊಳ್ಳುವಲ್ಲಿಂದ ಅಳೆಯಿರಿ. ‘ಸ’ಕಾರದ ಶ್ವಾಸ ಬಡಿತಕ್ಕಿಂತ ಮೊದಲೇ ಶುರುವಾಗಿರುತ್ತದೆ, ಆದರೆ ಕಿವಿ ತಾಳ ಹಿಡಿಯುವುದು ಅದರ ನಂತರ ಬರುವ ‘ಅ’ದ ಹತ್ತಿರ. ಶ್ವಾಸದಿಂದ ಅಳೆದರೆ ತಾಳಕ್ಕೆ ಸರಿಯಾಗಿ ಹಾಡಿದವರೂ ಮುಂದೆ ಓಡಿದಂತೆ ಕಾಣುತ್ತಾರೆ. ಹಳೆಯ ಹಾಡಿನ ಮೇಲೆ ಸಾಫ್ಟ್‌ವೇರಿನ ಸಮಾನ ಅಂತರದ ಬಡಿತಗೆರೆ ಎಳೆಯುವುದೂ ಬೇಡ. ಅಲ್ಲಿ ನುಡಿಸಿದ ಬಡಿತವೇ ಅಳತೆಗೋಲು. ಪ್ರತಿ ಬಡಿತಕ್ಕೂ ಲೇಬಲ್ ಹಾಕುವುದು ಬೇಸರದ ಕೆಲಸ, ಪಲ್ಲವಿಯ ಎರಡು ಸಾಲಿಗೆ ಮಾಡಿದರೆ ಸಾಕು.

ಗಮಕ, ಅಂದರೆ ಸ್ವರ ಜಾರುವ, ತೂಗುವ ಬಗೆ, ನೋಡಲು ಶ್ರುತಿಯನ್ನು ಗೆರೆಯಾಗಿ ತೋರಿಸುವ ಸೋನಿಕ್ ವಿಶುವಲೈಸರ್ ಎಂಬ ಸಾಫ್ಟ್‌ವೇರ್ ಒಳ್ಳೆಯದು. ಶ್ರುತಿ ತಿದ್ದುವ ಸಾಫ್ಟ್‌ವೇರನ್ನು ಬಿಗಿಯಾಗಿ ಬಳಸಿದ್ದರೆ ಜಾರುವ ಗೆರೆ ಮೆಟ್ಟಿಲಿನಂತೆ ಕಾಣುತ್ತದೆ. ಹಿನ್ನೆಲೆ ವಾದ್ಯವಿದ್ದಾಗ ಗೆರೆ ಒಂದು ಸ್ಥಾಯಿ ಹಾರುವುದುಂಟು, ಆದ್ದರಿಂದ ಮೊದಲು ಡೆಮುಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ದನಿ ಬೇರ್ಪಡಿಸಿಕೊಳ್ಳುತ್ತೇನೆ. ಹಾಗೆ ಬೇರ್ಪಡಿಸಿದ ದನಿಯಲ್ಲಿ ಉಸಿರು, ‘ಶ’, ‘ಸ’ ತೆಳುವಾಗಿ ಕೆಟ್ಟಿರುತ್ತವೆ. ಅವುಗಳ ಬಗ್ಗೆ ಅದನ್ನು ಕೇಳಿ ತೀರ್ಪು ಕೊಡಬಾರದು.

ಹಾಡಿನ ಕಟ್ಟೋಣ ಹೋಲಿಸಲು ಯಾವ ಭಾಗ ಎಷ್ಟು ಸೆಕೆಂಡು ಎಂಬ ಪಟ್ಟಿ ಸಾಕು. ಬಾಬ್ ಡಿಲನ್ 1967ರಲ್ಲಿ ಹಾಡಿದ ‘ಆಲ್ ಅಲಾಂಗ್ ದ ವಾಚ್‌ಟವರ್’ ಎರಡೂವರೆ ನಿಮಿಷದ್ದು, ಜಿಮಿ ಹೆಂಡ್ರಿಕ್ಸ್‌ನ 1968ರ ಕವರ್ ನಾಲ್ಕು ನಿಮಿಷದ್ದು. ಚರಣ ಎರಡರಲ್ಲೂ ಮೂರೇ. ಹೆಚ್ಚಾದ ಒಂದೂವರೆ ನಿಮಿಷದ ಬಹುಪಾಲು ಗಿಟಾರಿಗೆ ಹೋಗಿದೆ. ಓಟಿಸ್ ರೆಡ್ಡಿಂಗ್ 1965ರಲ್ಲಿ ಹಾಡಿದ ‘ರೆಸ್ಪೆಕ್ಟ್’ ಅನ್ನು 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಹಾಡಿದಾಗ ಆದದ್ದು ಬೇರೆ: ಪದದ ಅಕ್ಷರಗಳನ್ನು ಒಂದೊಂದಾಗಿ ಹೇಳುವ ಭಾಗ ಮೂಲದಲ್ಲಿ ಇರಲೇ ಇಲ್ಲ, ಇವತ್ತು ಆ ಹಾಡಿನ ಗುರುತೇ ಅದು. ಅಂಥ ಸೇರಿಕೆ ಕಂಡಾಗ ಅದನ್ನು ತೆಗೆದು ಉಳಿದ ಭಾಗಗಳನ್ನಷ್ಟೇ ಮತ್ತೊಮ್ಮೆ ಜೋಡಿಸಿ ಕೇಳುತ್ತೇನೆ.